ಅಸುನೀಗುವುದು

ಒಂಬತ್ತನೆಯ ತರಗತಿಗೆ ಸಮಾಸ ಹೇಳುವಾಗ ಪ್ರತಿವರ್ಷವೂ ಒಂದು ಸಾವು ಕರಿಹಲಗೆಯ ಮೇಲೆ ಬರುತ್ತದೆ. ಕನ್ನಡ ಪದವನ್ನೂ ಸಂಸ್ಕೃತ ಪದವನ್ನೂ ಕೂಡಿಸಿ ಸಮಾಸ ಮಾಡಿದರೆ ಅರಿಸಮಾಸ, ಅದು ದೋಷ. ಸೇಡಂ ರಸ್ತೆ ಹಿಡಿದು ಹೋದರೆ ಸಿಗುವ ಮಳಖೇಡವೇ ಹಿಂದಿನ ಮಾನ್ಯಖೇಟ. ಅಲ್ಲಿ ಆಳಿದ ನೃಪತುಂಗನ ಕಾಲದ ಕವಿರಾಜಮಾರ್ಗವೂ ಇಂಥ ಬೆರಕೆಗೆ ಮೂಗು ಮುರಿದಿದೆ. ಆದರೆ ಕ್ರಿಯಾಸಮಾಸಕ್ಕೆ ಈ ದೋಷ ತಟ್ಟುವುದಿಲ್ಲ ಎಂದು ಹೇಳಿ ನಾನು ‘ಅಸುನೀಗು’ ಎಂದು ಬರೆಯುತ್ತೇನೆ. ಅಸುವನ್ನು ನೀಗು. ಅಸು ಸಂಸ್ಕೃತದ್ದು, ಉಸಿರು, ಪ್ರಾಣ ಎಂದರ್ಥ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಸತ್ತವರನ್ನು ‘ಗತಾಸು’ ಎಂದಿರುವುದು ಇದರಿಂದಲೇ. ನೀಗು ಅಚ್ಚಕನ್ನಡ. ತಮಿಳಿನ ‘ನೀಂಗು’ ಇದರ ಒಡಹುಟ್ಟು; ಅವರ ‘ತೂಂಗು’ ನಮ್ಮಲ್ಲಿ ‘ತೂಗು’ ಆಗಿರುವಂತೆ ಇಲ್ಲಿಯೂ ನಡುವಿನ ಸೊನ್ನೆ ಇಲ್ಲ. ಬಡತನ ನೀಗಿತು, ನೀರಡಿಕೆ ನೀಗಿತು ಎನ್ನುತ್ತೇವಲ್ಲ, ಅದೇ ನೀಗು. ಕಳೆ, ತೊರೆ, ಬಿಡು.

ಕಲಬುರಗಿಯಲ್ಲಿ ಸಾವಿಗೆ ಮಾತುಗಳ ಬರವಿಲ್ಲ. ತೀರಿಕೊಂಡರು ಎನ್ನುತ್ತೇವೆ, ಸಾಲ ತೀರಿದ ಹಾಗೆ. ಯುದ್ಧದಲ್ಲಾದರೆ ಮಡಿದರು. ನಮ್ಮ ನೆರೆಮನೆಯ ಮುಸಲ್ಮಾನರು ‘ಇಂತಕಾಲ್’ ಆಯಿತು ಎನ್ನುತ್ತಾರೆ. ಆ ಅರಬ್ಬಿ ಮಾತಿನ ಮೂಲಾರ್ಥ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುವುದು. ವರ್ಗಾವಣೆ ಉಂಡ ಸರಕಾರಿ ಶಿಕ್ಷಕಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಸುನೀಗು ಮಾತ್ರ ಈಗ ಪತ್ರಿಕೆಗಳಲ್ಲಿ ಉಳಿದಿದೆ, ಅದೂ ಹೆಚ್ಚಾಗಿ ಅಪಘಾತದ ಸುದ್ದಿಯಲ್ಲಿ. ನಮ್ಮ ರಸ್ತೆಯಲ್ಲಿ ಸಿಮೆಂಟು ಹೇರಿಕೊಂಡ ಲಾರಿಗಳು ಹಗಲುರಾತ್ರಿ ಓಡುತ್ತವೆ. ಸೈಕಲ್ಲಿನ ಮೇಲಿದ್ದ ಹುಡುಗನೊಬ್ಬ ‘ಸ್ಥಳದಲ್ಲೇ ಅಸುನೀಗಿದ’ ಎಂದು ಓದಿದಾಗ ನನಗೆ ಸಿಟ್ಟು ಬರುತ್ತದೆ. ಅವನು ಏನನ್ನು ನೀಗಿದ? ಅವನಿಂದ ಕಸಿದುಕೊಂಡದ್ದಲ್ಲವೇ?

ನೀಗಿದ್ದನ್ನು ನಾನು ಕಣ್ಣಾರೆ ಕಂಡದ್ದು ನಮ್ಮವ್ವನಲ್ಲಿ. ಅವಳು ಕಮಲಾಪುರದವಳು. ಎಂಬತ್ತು ದಾಟಿದ ಮೇಲೆ ಸೇಡಂ ರಸ್ತೆಯ ನಮ್ಮ ಮನೆಗೆ ಬಂದಿದ್ದಳು. ಹಾಸಿಗೆ ಹಿಡಿದಾಗ ಅಣ್ಣ ಸೊಲ್ಲಾಪುರಕ್ಕೆ ಒಯ್ಯೋಣ, ಇಲ್ಲವೇ ಹೈದರಾಬಾದಿಗೆ, ಎಂದು ಹಟ ಹಿಡಿದ. ಅವ್ವ, “ನನಗಿನ್ನ ನೀಗಲ್ಲ ಯಪ್ಪಾ” ಎಂದಳು. ನಮ್ಮ ಕಡೆ ನೀಗುವುದೆಂದರೆ ಕೈಲಾಗುವುದು. ಅಣ್ಣನಿಗೆ ಅಷ್ಟೇ ಕೇಳಿಸಿತು. ವ್ಯಾಕರಣ ಹೇಳಿ ಕೆಟ್ಟ ನನ್ನ ಕಿವಿಗೆ ಆ ಇನ್ನೊಂದು ನೀಗುವೂ ಕೇಳಿಸಿತು. ಅಂದಿನಿಂದ ಅವಳು ಒಂದೊಂದೇ ಬಿಡುತ್ತ ಹೋದಳು. ಮೊದಲು ಎಲೆ ಅಡಿಕೆಯ ಸಂಚಿಯನ್ನು ಕೆಲಸದವಳಿಗೆ ಕೊಟ್ಟಳು. ಆಮೇಲೆ ಚಹಾ ಬೇಡವೆಂದಳು. ಊರಿನ ಹೊಲದ ಸುದ್ದಿ ಕೇಳುವುದನ್ನು ನಿಲ್ಲಿಸಿದಳು. ಕೊನೆಗೆ ಅಣ್ಣನ ಮುಖ ನೋಡುವುದನ್ನೂ. ಅವನು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತು ಅತ್ತ. ಆಸ್ಪತ್ರೆಯ ಮಾತನ್ನು ಮತ್ತೆ ಎತ್ತಲಿಲ್ಲ. ಒಂದು ನಸುಕಿನಲ್ಲಿ ಉಸಿರನ್ನೂ ಬಿಟ್ಟಳು. ಸಂಚಿಯನ್ನು ಕೊಟ್ಟಷ್ಟೇ ಸದ್ದಿಲ್ಲದೆ.

ಶಿವಗಣಾರಾಧನೆಯ ಪತ್ರಿಕೆ ಅಚ್ಚು ಹಾಕಿಸುವಾಗ ನಾನು ‘ಅಸುನೀಗಿದರು’ ಎಂದು ಬರೆಯೋಣವೆಂದೆ. ಅಣ್ಣ ಒಪ್ಪಲಿಲ್ಲ.

“ಲಾರಿ ಹಾಯ್ದಂಗ ಕಾಣ್ತದ. ಲಿಂಗೈಕ್ಯ ಅಂತ ಹಾಕಸು.”

ಲಿಂಗೈಕ್ಯ ದೊಡ್ಡ ಮಾತು. ಭಕ್ತಸ್ಥಲದಿಂದ ಹೊರಟವರು ಮುಟ್ಟುವ ಆರನೆಯ ನೆಲೆ ಐಕ್ಯ. ಅದಕ್ಕೆ ಸಾಯಲೇಬೇಕೆಂದಿಲ್ಲ, ಬದುಕಿರುವಾಗಲೇ ಮುಟ್ಟಬಹುದು. ಅವ್ವ ಮುಟ್ಟಿದ್ದಳೋ ಏನೋ, ಅವಳ ಲಿಂಗಕ್ಕೇ ಗೊತ್ತು. ಅವಳು ಬಿಟ್ಟದ್ದನ್ನು ಮಾತ್ರ ನಾನು ನೋಡಿದ್ದೆ. ಆದರೂ ಅಣ್ಣನ ಮುಖ ನೋಡಿ ಸುಮ್ಮನಾದೆ. ಹಾಗೇ ಅಚ್ಚಾಯಿತು.

ಶಾಲೆಗೆ ಕೊಟ್ಟ ರಜೆ ಚೀಟಿಯಲ್ಲಿ ಮಾತ್ರ ನನ್ನ ಮಾತನ್ನೇ ಬರೆದೆ. ಮುಖ್ಯೋಪಾಧ್ಯಾಯರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, “ಆಕ್ಸಿಡೆಂಟ್ ಏನ್ರೀ ಮೇಡಂ?” ಎಂದರು.