ಮೇರೆಯ ಲೆಕ್ಕ

ಅರ್ಥಶಾಸ್ತ್ರ ಓದುವವನಿಗೆ ಕಂಪ್ಯೂಟರಿನ ಹೊಟ್ಟೆಯೊಳಗಿನ ಸಮಾಚಾರವೇಕೆಂದು ನೀವು ಕೇಳಬಹುದು. ನನ್ನ ಉತ್ತರವಿಷ್ಟೆ: ನಾನು ಶಾನುಭೋಗರ ಮನೆತನದವನು. ಶಾನುಭೋಗಿಕೆ ಹೋಗಿ ಎಷ್ಟೋ ಕಾಲವಾಯಿತು. ಆದರೂ ಮೇರೆಯ ಮಾತು ಬಂದರೆ ನಮ್ಮವರ ಕಿವಿ ಈಗಲೂ ನಿಮಿರುತ್ತದೆ.

ಕಂಪ್ಯೂಟರಿನಲ್ಲಿ ಕರ್ನೆಲ್ ಎಂಬುದೊಂದುಂಟು. ಹೆಸರಿಗೆ ತಕ್ಕ ತಿರುಳು. ಯಂತ್ರದ ಮೆಮೊರಿಯೆಲ್ಲ ಅದರ ವಶ. ಮಿಕ್ಕ ಪ್ರೋಗ್ರಾಮುಗಳು ಜಾಗ ಸಾಲದೆ ಹೋದರೆ ಅದಕ್ಕೇ ಅರ್ಜಿ ಹಾಕಿಕೊಳ್ಳಬೇಕು. ಅರ್ಜಿಯ ಸಾರ ಎರಡೇ ಅಂಕಿ: ಎಲ್ಲಿಂದ, ಎಷ್ಟು ಉದ್ದ. 32 ಬಿಟ್‌ನ ಲಿನಕ್ಸ್ ಯಂತ್ರಗಳಲ್ಲಿ ವಿಳಾಸಗಳ ಬಯಲು 4 ಗಿಗಾಬೈಟ್. ಸಾಮಾನ್ಯವಾಗಿ ಕೆಳಗಿನ 3 ಪ್ರೋಗ್ರಾಮಿಗೆ, ಮೇಲಿನ 1 ಕರ್ನೆಲ್ಲಿಗೆ.

ಮೊದಲ ಕಲ್ಲು ಸರಿಯಾಗಿದೆಯೆಂದು ಅರ್ಜಿ ಮಂಜೂರು ಮಾಡುವವನು ಶಾನುಭೋಗನೇ ಅಲ್ಲ. ಸರಪಳಿ ಎಳೆದು ಕೊನೆಯ ಕಲ್ಲು ಎಲ್ಲಿ ಬೀಳುತ್ತದೆಂದು ನೋಡಬೇಕು. ಇಲ್ಲಿ ಇನ್ನೊಂದು ಕೈಚಳಕವೂ ಉಂಟು. ನನಗೆ ಬಹಳ ರುಚಿಸಿದ್ದು ಅದೇ. ಮೊದಲನ್ನೂ ಉದ್ದವನ್ನೂ ಕೂಡಿದ ಮೊತ್ತ 32 ಬಿಟ್ ಮೀರಿತೋ, ಹಳೆಯ ಮೋಟಾರಿನ ಮೈಲಿಯ ಅಂಕಿ 99999 ಆದ ಮೇಲೆ ಸೊನ್ನೆಗೆ ತಿರುಗುವಂತೆ, ಸುತ್ತಿ ಬಂದು ಪುಟ್ಟದಾಗಿ ಕುಳಿತುಬಿಡುತ್ತದೆ. ಆದ್ದರಿಂದ ಕೊನೆ ಮೇರೆಯೊಳಗಿದೆಯೇ ಎಂದರೆ ಸಾಲದು. ಅದು ಮೊದಲಿಗಿಂತ ಹಿಂದೆ ಬಿದ್ದಿಲ್ಲ ತಾನೆ ಎಂದೂ ಕೇಳಬೇಕು.

ಲಿನಕ್ಸಿನಲ್ಲಿ ಮೆಮೊರಿ ಬೆಳೆಸಿಕೊಡುವ ಡೂ-ಬಿಆರ್‌ಕೆ ಎಂಬ ಭಾಗ ಈ ಎರಡು ಪ್ರಶ್ನೆಗಳನ್ನೂ ಕೇಳುತ್ತಿರಲಿಲ್ಲ. 2003ರ ಸೆಪ್ಟೆಂಬರಿನಲ್ಲಿ ಆಂಡ್ರ್ಯೂ ಮಾರ್ಟನ್ ಅದನ್ನು ತಿದ್ದಿದರು. ಅದರ ಅಪಾಯ ಎಷ್ಟೆಂದು ಆಗ ಯಾರೂ ಎಣಿಸಲಿಲ್ಲ. ಆಗಲೇ ಹೊರಬಿದ್ದಿದ್ದ 2.4.22 ಆವೃತ್ತಿ ಹಾಗೆಯೇ ಉಳಿಯಿತು. ನವೆಂಬರಿನಲ್ಲಿ ಯಾರೋ ಒಬ್ಬ, ಕದ್ದ ಪಾಸ್‌ವರ್ಡಿನಿಂದ ಡೆಬಿಯನ್ ಯೋಜನೆಯ ಯಂತ್ರವೊಂದಕ್ಕೆ ಸಾಮಾನ್ಯ ಬಳಕೆದಾರನಾಗಿ ಹೊಕ್ಕು, ಈ ಬಿರುಕಿನಿಂದ ಯಜಮಾನನೇ ಆಗಿಬಿಟ್ಟ. ಯೋಜನೆಯ ನಾಲ್ಕು ಯಂತ್ರಗಳು ಕೈತಪ್ಪಿದವು. ದೇಶದೇಶಗಳ ಜನ ನಂಬಿ ತಂತ್ರಾಂಶ ತರಿಸಿಕೊಳ್ಳುವ ಸ್ಥಳ ಅದು! ಭಂಡಾರ ಕೆಡದೆ ಉಳಿದದ್ದೇ ಪುಣ್ಯ. ತಿದ್ದಿದ 2.4.23 ಅದೇ ತಿಂಗಳ 28ರಂದು ಬಂತು. ಅದರಲ್ಲಿ ಈ ಬಿರುಕಿಗೆ ಹಾಕಿದ ತೇಪೆ ಎರಡು ಸಾಲಿನದು.

ಹಾಸ್ಟೆಲಿನ ನನ್ನ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. "ಬಂದವರನ್ನೆಲ್ಲ ಹೀಗೆ ಅನುಮಾನಿಸಿದರೆ ಸಂಸಾರ ನಡೆದೀತೇನಯ್ಯಾ?" ಎಂದ. ಕರ್ನೆಲ್ಲಿಗೆ ಬಂದವರ ಮುಖ ಕಾಣುವುದಿಲ್ಲ, ಅಂಕಿ ಮಾತ್ರ ಕಾಣುತ್ತದೆ ಎಂದೆ. ಅವನು ಒಪ್ಪಲಿಲ್ಲ. ಪಾಸ್‌ವರ್ಡ್ ಕದ್ದವನನ್ನು ಬಿಟ್ಟು ಎರಡು ಸಾಲು ಬರೆಯದವನನ್ನು ಹಿಡಿದುಕೊಂಡಿದ್ದೀಯೆ ಎಂದು ಈಗಲೂ ನನ್ನೊಡನೆ ಜಗಳವಾಡುತ್ತಾನೆ.