ಕೇಳದೆ ತೆಗೆದ ಚಿತ್ರ

ಹಸಿರು ಕಣ್ಣಿನ ಅಫ್ಘಾನ್ ಹುಡುಗಿಯ ಚಿತ್ರವನ್ನು ನೀವೂ ನೋಡಿರಬಹುದು. 1984ರಲ್ಲಿ ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕರಿ ತೆಗೆದದ್ದು. ಮರುವರ್ಷ 'ನ್ಯಾಷನಲ್ ಜಿಯಾಗ್ರಫಿಕ್'ನ ಮುಖಪುಟವಾಯಿತು. ಹುಡುಗಿಯ ಹೆಸರು ಶರ್ಬತ್ ಗುಲಾ ಎಂದು ಜಗತ್ತಿಗೆ ಗೊತ್ತಾದದ್ದು 2002ರಲ್ಲಿ. ಅಲ್ಲಿಯ ತನಕ ಆಕೆ ಆ ಚಿತ್ರವನ್ನೇ ನೋಡಿರಲಿಲ್ಲ. ಅಪರಿಚಿತ ಗಂಡಸೊಬ್ಬ ಫೋಟೋ ತೆಗೆದಾಗ ಬಂದ ಸಿಟ್ಟು ಮಾತ್ರ ನೆನಪಿತ್ತು. ನಾವೋ, ಆ ಕಣ್ಣುಗಳಲ್ಲಿ ಯುದ್ಧದ ಭೀತಿಯನ್ನು ಓದಿದ್ದೆವು!

ಈಗ ಎಲ್ಲರ ಕೈಯಲ್ಲೂ ಕ್ಯಾಮರಾ ಇದೆ. ಕಳೆದ ವರ್ಷ ಮಂಗಳೂರಿನ ಬಂದರಿನಲ್ಲಿ ಯುವಕನೊಬ್ಬ ಮೀನು ಮಾರುವ ಅಜ್ಜಿಯ ಮುಖಕ್ಕೆ ಮೊಬೈಲ್ ಹಿಡಿದ. ಅಜ್ಜಿ ಸೆರಗು ಎಳೆದುಕೊಂಡರು. ಆತ ಇನ್ನಷ್ಟು ಹತ್ತಿರ ಹೋದ. ಬೇಡವೆಂದ ನನಗೆ, "ರಸ್ತೆಯಲ್ಲಿ ಕೂತವರಿಗೆ ಗುಟ್ಟೇನು ಸಾರ್?" ಎಂದ. ಕಾನೂನು ಅವನನ್ನು ತಡೆಯದಿರಬಹುದು. ಆದರೆ ಬಡವರ ದುಡಿಮೆ, ಊಟ, ಕೆಲವೊಮ್ಮೆ ನಿದ್ದೆಯೂ ರಸ್ತೆಯಲ್ಲೇ ಅಲ್ಲವೇ? ಬಂಗಲೆಯವರ ಊಟದ ಮೇಜಿನೆದುರು ಆತ ಹೀಗೆ ನಿಲ್ಲುತ್ತಿದ್ದನೇ?

ಕೇಳಿದರೆ ಮುಖದ ಸಹಜತೆ ಹೋಗುತ್ತದೆ ಎನ್ನುತ್ತಾರೆ ಫೋಟೋ ತೆಗೆಯುವವರು. ನಿಜವಿರಬಹುದು, ಹೋಗಲಿ ಬಿಡಿ. ಅದೇ ದಿನ ಬಂಗುಡೆ ಕೊಳ್ಳಲು ಬಂದ ಹುಡುಗಿಯೊಬ್ಬಳು, "ಅಜ್ಜಿ, ಒಂದು ಫೋಟೋ ತೆಗೀಲಾ?" ಎಂದಳು. ಅಜ್ಜಿ ಕೈ ಒರೆಸಿ, ಸೆರಗು ಸರಿಮಾಡಿ, ಬುಟ್ಟಿಯಲ್ಲಿದ್ದ ದೊಡ್ಡ ಅಂಜಲ್ ಮೀನನ್ನು ಎತ್ತಿ ಹಿಡಿದು ಕುಳಿತರು.