ಕಂತು ಮುಗಿಯೋವರೆಗಾದ್ರೂ ಬದುಕಬೇಕಲ್ಲ!

"ಅಣ್ಣ, 46 ಪರ್ಸೆಂಟ್ ಆಫ್! ಇವತ್ತು ರಾತ್ರಿ 12ಕ್ಕೆ ಮುಗಿಯುತ್ತಂತೆ. ಆರ್ಡರ್ ಮಾಡ್ಲಾ?"

2024ರ ನವರಾತ್ರಿಗೆ ಒಂದು ವಾರ ಮುಂಚೆ, ರಾತ್ರಿ ಹತ್ತೂವರೆಗೆ ತಂಗಿಯ ಮೆಸೇಜು ಬಂತು. ಜೊತೆಗೊಂದು ಸ್ಕ್ರೀನ್‌ಶಾಟ್. 82,990 ರೂಪಾಯಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ದಪ್ಪಕ್ಷರದಲ್ಲಿ 44,990 ಅಂತ ಹಾಕಿದ್ದರು. ಕೆಳಗೆ ಕೆಂಪು ಬಣ್ಣದಲ್ಲಿ ಗಂಟೆ, ನಿಮಿಷ, ಸೆಕೆಂಡು ಓಡ್ತಾ ಇದ್ದವು.

ಅವಳು ನನಗಿಂತ 11 ವರ್ಷ ಚಿಕ್ಕವಳು. ಆಗಷ್ಟೇ ಹಾಸನದಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು, ಕಂಪ್ಯೂಟರ್ ಸೈನ್ಸ್. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ಅಣ್ಣ ಇದ್ದಾನೆ ಅಂದಮೇಲೆ ಲ್ಯಾಪ್‌ಟಾಪ್ ಆರಿಸೋ ಕೆಲಸ ಇನ್ಯಾರಿಗೆ ಬರುತ್ತೆ? ನೆಂಟರ ಪೈಕಿ ಯಾರ ಮನೆಯ ಪ್ರಿಂಟರ್ ಕೆಟ್ಟರೂ ನನಗೇ ಫೋನು. ಕೋಡ್ ಬರೆಯೋನಿಗೆ ಕಂಪ್ಯೂಟರ್ ರಿಪೇರಿಯೂ ಗೊತ್ತಿರುತ್ತೆ ಅನ್ನೋದು, ಅಡುಗೆ ಭಟ್ಟರಿಗೆ ಗ್ಯಾಸ್ ಸ್ಟೌ ರಿಪೇರಿ ಗೊತ್ತಿರುತ್ತೆ ಅಂದ ಹಾಗೆ. ಆದ್ರೂ ಒಪ್ಪಿಕೊಂಡಿದ್ದೆ.

ದುಡ್ಡು ಮಾತ್ರ ಅಮ್ಮನದು. ತರೀಕೆರೆ ಹತ್ತಿರದ ನಮ್ಮೂರಲ್ಲಿ ಅಪ್ಪನ ತೋಟದ ಆದಾಯವೆಲ್ಲ ಕಾಲೇಜು, ಹಾಸ್ಟೆಲ್ ಫೀಸಿಗೆ ಹೋಗಿತ್ತು. "ನಾನು ಕೊಡ್ತೀನಿ ಬಿಡಮ್ಮಾ" ಅಂದೆ. "ನಿಂಗೆ ನಾನೇ ಕೊಡಿಸಿದ್ದು, ಇವಳಿಗೂ ನಾನೇ ಕೊಡಿಸ್ತೀನಿ. ನಿಂಗೆ ಗೊತ್ತಿರೋದು ನೀನು ನೋಡು" ಅಂದರು. ಮಹಿಳಾ ಸಂಘದಲ್ಲಿ 50,000 ರೂಪಾಯಿ ಸಾಲ ತೆಗೆದಿದ್ದರು. ಎರಡು ವರ್ಷ, ವಾರ ವಾರ ಕಂತು.

ಆ ಸಂಘದ ಕಂತು ಅನ್ನೋ ಮಾತು ಕೇಳಿದರೆ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಏನೋ ಆಗುತ್ತೆ. ಅದಕ್ಕೆ ಕಾರಣ 2013.

ಆ ವರ್ಷ ನಾನು ಇಂಜಿನಿಯರಿಂಗ್ ಸೇರಿದ್ದೆ. ಹಬ್ಬದ ಆಫರ್‌ನಲ್ಲಿ 38,500 ರೂಪಾಯಿಗೆ ಒಂದು ಲ್ಯಾಪ್‌ಟಾಪ್ ತಗೊಂಡೆ, ಬ್ಯಾಗು ಫ್ರೀ, ಮೌಸು ಫ್ರೀ. ಕಂಪನಿ ಹೆಸರು ಬೇಡ ಬಿಡಿ. ಪ್ರೊಸೆಸರ್, ರ‍್ಯಾಮ್, ಹಾರ್ಡ್‌ಡಿಸ್ಕ್ ಎಲ್ಲದರ ಅಂಕಿ ಬಾಯಿಪಾಠ ಮಾಡ್ಕೊಂಡು ಹೋಗಿದ್ದ ನಾನು, ಅಂಗಡಿಯಲ್ಲಿ ಅದರ ಮುಚ್ಚಳವನ್ನು ಎರಡು ಸಲ ಕೂಡ ತೆಗೆದು ಮುಚ್ಚಿ ನೋಡಿರಲಿಲ್ಲ. ಹದಿನಾಲ್ಕನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಮುಚ್ಚಳ ಎತ್ತಿದಾಗ 'ಟಕ್' ಅಂತ ಶಬ್ದ. ಎಡಗಡೆಯ ಹಿಂಜ್ ತನ್ನ ಸುತ್ತಲಿನ ಪ್ಲಾಸ್ಟಿಕ್ ಅನ್ನೇ ಕಿತ್ಕೊಂಡು ಮೇಲೆ ಬಂದಿತ್ತು. ವಾರಂಟಿ ಮುಗಿದು ಎರಡು ತಿಂಗಳಾಗಿತ್ತು. ಇದ್ದಿದ್ದರೂ 'ಬಳಕೆದಾರರಿಂದ ಆದ ಹಾನಿ' ಅಂತ ಬರೀತಿದ್ದರಂತೆ. ರಿಪೇರಿಗೆ ಒಂಬತ್ತು ಸಾವಿರ ಕೇಳಿದರು.

ಮನೆಗೆ ಹೇಳಲಿಲ್ಲ. ಹಾಸ್ಟೆಲ್ ರೂಮಿನಲ್ಲಿ ಪರದೆಯನ್ನು ಗೋಡೆಗೆ ಒರಗಿಸಿ, ಹಿಂದೆ ಒಂದು ಪುಸ್ತಕ ಕೊಟ್ಟು ಕೆಲಸ ಮಾಡ್ತಿದ್ದೆ. ಇನ್ನು ಕೆಲವು ತಿಂಗಳಿಗೆ ಡಿಸ್ಪ್ಲೇ ಕೇಬಲ್ಲೂ ಹೋಯ್ತು. ಆಮೇಲೆ ಫ್ರೆಂಡ್ಸ್ ಲ್ಯಾಪ್‌ಟಾಪು, ಕಾಲೇಜಿನ ಲ್ಯಾಬು. ಹಿಂಜ್ ಮುರಿದ ದಿನ ಅಮ್ಮನ ಸಾಲದಲ್ಲಿ ಇನ್ನೂ ಹತ್ತು ತಿಂಗಳ ಕಂತು ಬಾಕಿ ಇತ್ತು. ಲ್ಯಾಪ್‌ಟಾಪ್ ಸತ್ತಿತ್ತು, ಕಂತು ಬದುಕಿತ್ತು.

ಹಾಗಾಗಿ ತಂಗಿಗೆ "ಇವತ್ತು ಬೇಡ ಪುಟ್ಟಿ, ಎರಡು ದಿನ ಕಾಯಿ" ಅಂತ ಬರೆದೆ. ಸಿಟ್ಟಿನ ಮುಖದ ಎಮೋಜಿ ಬಂತು.

ಮೊದಲು ಆ ಶೇ. 46ರ ಲೆಕ್ಕ ನೋಡೋಣ. ಎಂಆರ್‌ಪಿ ಅನ್ನೋದು ಕಾನೂನಿನ ಪ್ರಕಾರ ಗರಿಷ್ಠ ಬೆಲೆ, ಎಲ್ಲ ತೆರಿಗೆ ಸೇರಿ. ಅದಕ್ಕಿಂತ ಹೆಚ್ಚಿಗೆ ಮಾರೋ ಹಾಗಿಲ್ಲ, ಅಷ್ಟೆ. ಆ ಬೆಲೆಗೆ ಯಾರಾದರೂ ಯಾವತ್ತಾದರೂ ಕೊಂಡಿರಬೇಕು ಅಂತೇನೂ ಇಲ್ಲ. 82,990 ಅಂತ ಪೆಟ್ಟಿಗೆ ಮೇಲೆ ಮುದ್ರಿಸಿ ವರ್ಷವಿಡೀ 47 ಸಾವಿರಕ್ಕೆ ಮಾರಿದರೆ, ಹಬ್ಬದ ದಿನ ನಿಜವಾಗಿ ಕಡಿಮೆಯಾದದ್ದು ಎರಡು ಸಾವಿರ. ಅದಕ್ಕೇ ನಾನು ಅಡ್ಡಗೆರೆ ಎಳೆದ ಅಂಕಿಯನ್ನು ನೋಡೋದೇ ಬಿಟ್ಟು, ಕಳೆದ ಕೆಲವು ತಿಂಗಳ ಬೆಲೆ ತೋರಿಸೋ ಟ್ರ್ಯಾಕರ್‌ಗಳನ್ನು ನೋಡ್ತೀನಿ. 'ನೋ ಕಾಸ್ಟ್ ಇಎಂಐ' ಕಥೆಯೂ ಹೀಗೇ. ಬಡ್ಡಿಯಷ್ಟು ಮೊತ್ತವನ್ನು ರಿಯಾಯಿತಿ ಅಂತ ಮೊದಲೇ ಕಳೆದಿರ್ತಾರೆ. ಆದರೆ ಕ್ರೆಡಿಟ್ ಕಾರ್ಡ್ ಆದರೆ ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬರುತ್ತೆ, ಎಷ್ಟೋ ಕಡೆ ಪ್ರೊಸೆಸಿಂಗ್ ಫೀ ಕೂಡ.

ಇನ್ನು ತಂಗಿ ಆರಿಸಿದ ಲ್ಯಾಪ್‌ಟಾಪ್. 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಪ್ರೊಸೆಸರ್ ರೈಜನ್ 5 7520ಯು. ಏಳು ಸಾವಿರದ ಸರಣಿ ಅಂದಮೇಲೆ ಹೊಸದೇ ಇರಬೇಕು ಅಂತ ಯಾರಿಗಾದರೂ ಅನ್ನಿಸುತ್ತೆ. ಆದರೆ ಆ ಸರಣಿಯ ನಾಲ್ಕು ಅಂಕಿಗಳಲ್ಲಿ ಗಮನಿಸಬೇಕಾದ್ದು ಮೂರನೆಯದು. ಒಳಗಿನ ಕೋರ್ ಯಾವ ಪೀಳಿಗೆಯ ವಿನ್ಯಾಸ ಅಂತ ಹೇಳೋದು ಅದೇ. 7520ರಲ್ಲಿ ಅದು 2. ಅಂದರೆ ಝೆನ್ 2, 2019ರಲ್ಲಿ ಬಂದ ವಿನ್ಯಾಸ, ನಾಲ್ಕು ಕೋರ್. ಅದೇ ರೈಜನ್ 5 ಹೆಸರಿನ 7530ಯುನಲ್ಲಿ ಅದು 3, ಅಂದರೆ ಝೆನ್ 3, ಆರು ಕೋರ್. ಹೆಸರು ಒಂದೇ, ಅಂಕಿಯಲ್ಲಿ ಹತ್ತರ ವ್ಯತ್ಯಾಸ, ಒಳಗೆ ಒಂದು ಪೀಳಿಗೆಯ ಅಂತರ. ಇದನ್ನು ಯಾರೂ ಮುಚ್ಚಿಟ್ಟಿಲ್ಲ, ಅಂಕಿಯಲ್ಲೇ ಇದೆ. ಓದೋಕೆ ನಮಗೆ ಬರಬೇಕು. ಇಂಟೆಲ್‌ನ ಐ5-1235ಯು ಅಂತಿದ್ದರೆ ಮೊದಲ ಎರಡು ಅಂಕಿ ಪೀಳಿಗೆ, 12ನೆಯದು. ಕೊನೆಯ 'ಯು' ಅಂದರೆ ಕಡಿಮೆ ವಿದ್ಯುತ್ ಬಳಸೋದು, 'ಎಚ್' ಅಂದರೆ ಹೆಚ್ಚು ಶಕ್ತಿಯದು, ಹೆಚ್ಚು ಬಿಸಿಯಾಗೋದು.

ನಾನು ಪಕ್ಕದಲ್ಲಿಟ್ಟು ನೋಡಿದ್ದು ಐ5-1235ಯು ಇದ್ದ ಇನ್ನೊಂದು ಲ್ಯಾಪ್‌ಟಾಪ್. ಎಂಆರ್‌ಪಿ 60,990, ಆಫರ್ ಬೆಲೆ 49,990. ಬರೀ ಶೇ. 18 ರಿಯಾಯಿತಿ. "ಇದ್ರಲ್ಲಿ 8 ಜಿಬಿನೇ ಇರೋದು, ನನ್ನದ್ರಲ್ಲಿ 16 ಇದೆ, 5,000 ಕಮ್ಮಿ ಬೇರೆ" ಅಂತ ತಂಗಿ ಫೋನಲ್ಲಿ ವಾದ ಮಾಡಿದಳು. ಮೇಲ್ನೋಟಕ್ಕೆ ನ್ಯಾಯವೇ. ಆದರೆ ಅವಳದರಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿತ್ತು, ಮುಂದೆ ಹೆಚ್ಚಿಸೋ ಹಾಗಿಲ್ಲ, ಕೆಟ್ಟರೆ ಇಡೀ ಬೋರ್ಡೇ ಬದಲಾಯಿಸಬೇಕು. ಇದರಲ್ಲಿ ಒಂದು ಸ್ಲಾಟ್ ಖಾಲಿ. ಆಗ 8 ಜಿಬಿಯ ಒಂದು ಕಡ್ಡಿಗೆ ಎರಡು ಸಾವಿರದ ಆಸುಪಾಸು. ಅಷ್ಟನ್ನು ನಾನು ಹಾಕಿದರೆ ಅಮ್ಮ ಬೇಡ ಅನ್ನಲ್ಲ.

ಇದಿಷ್ಟೂ ಕೂತಲ್ಲೇ ಓದಿ ತಿಳಿಯೋ ವಿಷಯ. ಹಿಂಜ್ ಹೇಗಿದೆ ಅಂತ ಯಾವ ಸ್ಕ್ರೀನ್‌ಶಾಟೂ ಹೇಳಲ್ಲ.

ಆ ಶನಿವಾರ ರಾಜಾಜಿನಗರದಲ್ಲಿ ನೆಂಟರ ಮನೆ ಗೃಹಪ್ರವೇಶಕ್ಕೆ ಅಮ್ಮ, ತಂಗಿ ಇಬ್ಬರೂ ಬಂದಿದ್ದರು. ಊಟ ಮುಗಿಸಿಕೊಂಡು ಇಬ್ಬರನ್ನೂ ಎಸ್.ಪಿ. ರೋಡಿಗೆ ಕರ್ಕೊಂಡು ಹೋದೆ. ರೇಷ್ಮೆ ಸೀರೆ ಉಟ್ಟ ಅಮ್ಮ, ಕೇಬಲ್ಲು, ಕೀಬೋರ್ಡುಗಳ ರಾಶಿಯ ಮಧ್ಯೆ ಸೆರಗು ಹಿಡ್ಕೊಂಡು ನಡೆದು ಬಂದರು. ಒಂದು ಅಂಗಡಿಯಲ್ಲಿ ನಮ್ಮ ಎರಡೂ ಮಾಡೆಲ್‌ಗಳ ಡೆಮೊ ಪೀಸ್ ಇದ್ದವು.

ನಾನು ಮಾಡಿದ ಪರೀಕ್ಷೆ ಇಷ್ಟೇ, ನೀವೂ ಮಾಡಬಹುದು. ಮುಚ್ಚಳವನ್ನು ನಿಧಾನಕ್ಕೆ ನಾಲ್ಕೈದು ಸಲ ತೆಗೆದು ಮುಚ್ಚಿ, ಹಿಂಜ್ ಇರೋ ಮೂಲೆಗಳಲ್ಲಿ ಪ್ಲಾಸ್ಟಿಕ್ ಬಾಯಿ ಬಿಡುತ್ತಾ ನೋಡೋದು. ಬಿಗಿಯಾದ ಹಿಂಜ್ ಅಂದರೆ ಗಟ್ಟಿ ಅಂತ ನಾವು ಅಂದ್ಕೋತೀವಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಹಿಂಜ್‌ನ ಸ್ಕ್ರೂಗಳು ಕೂತಿರೋದು ಪ್ಲಾಸ್ಟಿಕ್‌ನಲ್ಲಿ ಹುದುಗಿಸಿದ ಸಣ್ಣ ಹಿತ್ತಾಳೆ ತಿರುಪುಗಳಲ್ಲಿ. ಹಿಂಜ್ ಬಿಗಿ ಇದ್ದು ಪ್ಲಾಸ್ಟಿಕ್ ತೆಳು ಇದ್ದರೆ ಪ್ರತಿ ಸಲ ತೆಗೆದಾಗಲೂ ಏಟು ಬೀಳೋದು ಪ್ಲಾಸ್ಟಿಕ್‌ಗೆ. ಆಮೇಲೆ ಕೀಬೋರ್ಡಿನ ನಡುಭಾಗ ಒತ್ತೋದು, ಎಷ್ಟು ತಗ್ಗುತ್ತೆ ಅಂತ. ಒಂದು ಮೂಲೆ ಹಿಡಿದು ಎತ್ತೋದು, ಕಿರ್ ಅನ್ನುತ್ತಾ ಅಂತ. ಪರದೆಯನ್ನು ಪಕ್ಕದಿಂದ, ಮೇಲಿಂದ ನೋಡೋದು. ತಂಗಿಯ ಆಯ್ಕೆಯದು ಟಿಎನ್ ಪರದೆ, ಸ್ವಲ್ಪ ಓರೆಯಾದರೂ ಬಣ್ಣ ಬಿಳಚಿಕೊಳ್ತಿತ್ತು. ಇನ್ನೊಂದರದು ಐಪಿಎಸ್.

ಅಂಗಡಿ ಹುಡುಗ "ಸಾರ್, ಇದು ಮಿಲಿಟರಿ ಗ್ರೇಡ್" ಅಂದ. ಅದು ಅಮೆರಿಕದ ಸೇನೆಯ ಪರೀಕ್ಷಾ ವಿಧಾನಗಳ ಒಂದು ಪಟ್ಟಿ. ಕಂಪನಿಗಳು ಅದರಲ್ಲಿ ತಮಗೆ ಬೇಕಾದ ಪರೀಕ್ಷೆ ಆರಿಸಿಕೊಳ್ಳಬಹುದು. ಸೇನೆಯವರು ಬಂದು ಸರ್ಟಿಫಿಕೇಟ್ ಕೊಡಲ್ಲ. ಹಾಗಂತ ಸುಳ್ಳೂ ಅಲ್ಲ, ಆದರೆ ಅದೊಂದೇ ನಂಬಿ ದುಡ್ಡು ಕೊಡೋ ಹಾಗಿಲ್ಲ.

ಅವನೇ ಐದಾರು ವರ್ಷ ಹಳೆಯ, ಕಂಪನಿಗಳಲ್ಲಿ ಬಳಸಿ ಬಿಟ್ಟ ಒಂದು ಲ್ಯಾಪ್‌ಟಾಪನ್ನೂ ತೋರಿಸಿದ. 28,000 ರೂಪಾಯಿ. ನಿಜ ಹೇಳ್ತೀನಿ, ಮೂರರಲ್ಲಿ ಅದರ ಕಟ್ಟೇ ಗಟ್ಟಿ. ಲೋಹದ ಮೈ, ಬೆಣ್ಣೆಯಂಥ ಹಿಂಜ್. ಇಂಟೆಲ್‌ನ 8ನೇ ಪೀಳಿಗೆಯಾದ್ದರಿಂದ ವಿಂಡೋಸ್ 11 ಕೂಡ ನಡೆಯುತ್ತೆ. ಆದರೆ ಸವೆದ ಬ್ಯಾಟರಿ, ಆರು ತಿಂಗಳ ಅಂಗಡಿ ವಾರಂಟಿ. ಕೆಟ್ಟರೆ ಹಾಸನದಿಂದ ಇಲ್ಲಿಗೇ ಹೊತ್ತು ತರಬೇಕು. ನನಗಾಗಿದ್ದರೆ ಅದನ್ನೇ ತಗೋತಿದ್ದೆ. ಹಾಸ್ಟೆಲ್‌ನಲ್ಲಿರೋ ಹುಡುಗಿಗೆ ಬೇಡ ಅನ್ನಿಸಿತು.

ನಾನು ಹಿಂಜ್ ನೋಡ್ತಾ ಇದ್ದಾಗ ಅಮ್ಮ ಪಕ್ಕಕ್ಕೆ ಬಂದು ನಿಂತರು. ಪಾತ್ರೆ ಅಂಗಡಿಯಲ್ಲಿ ತಳ ಒತ್ತಿ ನೋಡೋ ಹಾಗೆ ಹೆಬ್ಬೆರಳಲ್ಲಿ ಎರಡೂ ಲ್ಯಾಪ್‌ಟಾಪ್‌ಗಳ ಮುಚ್ಚಳ ಒತ್ತಿದರು. ಆಮೇಲೆ ಮೆಲ್ಲಗೆ, "ಈ ಸಲ ಗೋಡೆಗೆ ಒರಗಿಸಿಡೋ ಹಾಗಾಗದು ಬೇಡಪ್ಪ" ಅಂದರು.

ನನ್ನ ಕೈ ನಿಂತಿತು. "ನಿಂಗೆ ಯಾರು ಹೇಳಿದ್ರು?"

"ಯಾರು ಹೇಳಬೇಕು? ರಜಕ್ಕೆ ಬಂದ್ರೆ ಬ್ಯಾಗಿಂದ ಹೊರಗೇ ತೆಗೀತಿರ್ಲಿಲ್ಲ. ಒಂದಿನ ಬಟ್ಟೆ ಹುಡುಕೋವಾಗ ನಾನೇ ತೆಗೆದು ನೋಡ್ದೆ. ಆಮೇಲೆ ನಿನ್ ಫ್ರೆಂಡ್ ಫೋನ್ ಮಾಡಿದಾಗ ಕೇಳ್ದೆ. ಕಂತು ಕಟ್ತಿದ್ದೋಳಿಗೆ ಗೊತ್ತಾಗಲ್ವಾ?"

"ಮತ್ತೆ ಬೈಲೇ ಇಲ್ವಲ್ಲ?"

"ಬೈದ್ರೆ ರಿಪೇರಿ ಆಗ್ತಿತ್ತಾ?"

ಹತ್ತು ವರ್ಷ ನಾನು ಬಚ್ಚಿಟ್ಟಿದ್ದೀನಿ ಅಂದುಕೊಂಡಿದ್ದ ಗುಟ್ಟನ್ನು ಅವರು ಸುಮ್ಮನೆ ಇಟ್ಟುಕೊಂಡಿದ್ದರು. ಏನು ಹೇಳಬೇಕೋ ತೋಚದೆ, ಅಂಗಡಿ ಹುಡುಗನ ಹತ್ತಿರ ಒಂದು ಕ್ಯಾಲ್ಕುಲೇಟರ್ ಕೇಳಿದೆ. ತಂಗಿಗೆ ಲೆಕ್ಕ ತೋರಿಸಿದೆ. 38,500 ಭಾಗಿಸು 14 ತಿಂಗಳು, ತಿಂಗಳಿಗೆ 2,750 ರೂಪಾಯಿ. ಅದು ನನ್ನ 'ಅಗ್ಗದ' ಲ್ಯಾಪ್‌ಟಾಪಿನ ಬೆಲೆ. 44,990ರದ್ದು ಎರಡು ವರ್ಷ ಬಂದರೆ ತಿಂಗಳಿಗೆ ಸುಮಾರು 1,875. ಇದು ರ‍್ಯಾಮ್ ಸೇರಿ 51,990, ನಾಲ್ಕು ವರ್ಷ ಬಂದರೆ ತಿಂಗಳಿಗೆ ಸುಮಾರು 1,083. ಎಷ್ಟು ವರ್ಷ ಬರುತ್ತೆ ಅನ್ನೋದು ನನ್ನ ಅಂದಾಜೇ, ಗ್ಯಾರಂಟಿ ಅಲ್ಲ. ಆದರೂ ಈ ಲೆಕ್ಕ ಹಾಕಿದಾಗ ಶೇ. 46 ಅನ್ನೋ ದೊಡ್ಡ ಅಂಕಿ ಸ್ವಲ್ಪ ಸಣ್ಣದಾಯ್ತು.

"ಸರಿ, ಆದ್ರೆ ಗೇಮ್ ಆಡಕ್ಕಾಗಲ್ಲ ಇದ್ರಲ್ಲಿ" ಅಂದಳು ತಂಗಿ.

"ಆಗಲ್ಲ" ಅಂದೆ. ಅದು ನಿಜವೇ.

ಕೊಳ್ಳೋ ಮುಂಚೆ ಇನ್ನೊಂದು ಕೆಲಸ ಮಾಡಿದೆ. ಆ ಕಂಪನಿಯ ಸರ್ವೀಸ್ ಸೆಂಟರ್ ಹಾಸನದಲ್ಲಿ ಇದೆಯಾ ಅಂತ ವೆಬ್‌ಸೈಟಲ್ಲಿ ನೋಡಿ, ಫೋನ್ ಮಾಡಿ ಖಚಿತ ಮಾಡ್ಕೊಂಡೆ. ಬಿಲ್ ತಂಗಿ ಹೆಸರಲ್ಲೇ ಮಾಡಿಸಿದೆ. ಪೆಟ್ಟಿಗೆ ತೆರೆಯೋದನ್ನು ವಿಡಿಯೊ ಮಾಡಿ, ಸೀರಿಯಲ್ ನಂಬರ್ ಹಾಕಿ ವಾರಂಟಿ ಯಾವತ್ತಿನಿಂದ ಶುರು ಅಂತ ಅಲ್ಲೇ ಪರೀಕ್ಷಿಸಿದೆ. ಅಮ್ಮ ಚೀಲದಿಂದ ನೋಟಿನ ಕಟ್ಟು ತೆಗೆದು ಎರಡು ಸಲ ಎಣಿಸಿ ಕೊಟ್ಟರು. ಹತ್ತು ರೂಪಾಯಿ ವಾಪಸ್ ಬಂತು. ಅದನ್ನೂ ಪರ್ಸಿಗೆ ಹಾಕಿಕೊಂಡರು.

ಅಂದಹಾಗೆ, ಅವತ್ತು ರಾತ್ರಿ 12ಕ್ಕೆ ಮುಗಿಯಬೇಕಿದ್ದ ಆ ಆಫರ್ ದೀಪಾವಳಿಗೂ ಇತ್ತು. ಆಗ 47 ಪರ್ಸೆಂಟ್ ಆಗಿತ್ತು!

ಈಗ ಒಂದು ವರ್ಷ ದಾಟಿದೆ. ನಮ್ಮ ಲ್ಯಾಪ್‌ಟಾಪ್ ಏನೂ ಅಪ್ಸರೆಯಲ್ಲ. ವೆಬ್‌ಕ್ಯಾಮ್‌ನಲ್ಲಿ ತಂಗಿಯ ಮುಖ ಮಂಜಿನಲ್ಲಿ ಕಂಡ ಹಾಗಿರುತ್ತೆ, ಸ್ಪೀಕರ್ ದನಿ ಸಣ್ಣದು. ಎಂಟನೇ ತಿಂಗಳಲ್ಲಿ ಚಾರ್ಜರ್ ಕೆಟ್ಟಿತು. ಹಾಸನದಲ್ಲೇ ಮೂರು ದಿನಕ್ಕೆ ಬದಲಾಯಿಸಿ ಕೊಟ್ಟರು. ಗೇಮ್ ಬಗ್ಗೆ ದೂರು ಇನ್ನೂ ನಿಂತಿಲ್ಲ. ಹಿಂಜ್ ಸರಿಯಾಗಿದೆ. ಮುಚ್ಚಳವನ್ನು ಮೂಲೆ ಹಿಡಿದು ಎಳೆಯದೆ ನಡುವಲ್ಲಿ ಹಿಡಿದು ತೆಗೀಬೇಕು ಅಂತ ನಾನು ಎಷ್ಟು ಸಲ ಹೇಳಿದ್ದೀನೋ, ಈಗ ಅವಳೇ ರೂಮ್‌ಮೇಟ್‌ಗಳಿಗೆ ಹೇಳ್ತಾಳಂತೆ.

ಅವರೆಲ್ಲ ಈಗ ನನಗೆ ಸ್ಕ್ರೀನ್‌ಶಾಟ್ ಕಳಿಸ್ತಾರೆ. "ಅಣ್ಣ, 52 ಪರ್ಸೆಂಟ್ ಆಫ್, ತಗೋಬಹುದಾ?" ನಾನು ಕೇಳೋದು ಮೂರೇ ಪ್ರಶ್ನೆ. ಎಷ್ಟು ವರ್ಷ ಬೇಕು? ಮುಟ್ಟಿ ನೋಡಿದ್ಯಾ? ನಿಮ್ಮೂರಲ್ಲಿ ರಿಪೇರಿ ಮಾಡೋರು ಇದ್ದಾರಾ?

ಮೊನ್ನೆ ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ ಸಂಘದ ಮೀಟಿಂಗ್ ಮುಗಿಸಿ ಬರ್ತಾ ಇದ್ದರು. "ಕಂತು ಇನ್ನೂ ಎಷ್ಟಿದೆ?" ಅಂತ ಕೇಳಿದೆ.

"ಇದೆ ಬಿಡು. ಲ್ಯಾಪ್‌ಟಾಪ್ ಹೇಗಿದೆಯಂತೆ?"

"ಚೆನ್ನಾಗಿದೆ."

"ನಿಜ ಹೇಳ್ತಿದ್ದೀಯಾ?"

"ನಿಜವಾಗ್ಲೂ ಅಮ್ಮ" ಅಂದೆ.